‘ಕಿಸ್ಸಾ ಕುರ್ಸಿ ಕಾ’: ಮರಳಿ ಬಾರದ ಚಿತ್ರದ ಲೆಕ್ಕ

ರಾಜಕೀಯ ವಿಡಂಬನೆಯ ಚಲನಚಿತ್ರಗಳಲ್ಲಿ ಅಮೃತ್ ನಾಹಟಾ ಅವರ ‘ಕಿಸ್ಸಾ ಕುರ್ಸಿ ಕಾ’ ಎಂಬ ಹಿಂದಿ ಚಿತ್ರಕ್ಕೆ ವಿಶೇಷ ಸ್ಥಾನವಿದೆ. ಇದು ತುರ್ತುಪರಿಸ್ಥಿತಿಯನ್ನು ಕುರಿತು ತೆಗೆದ ಚಿತ್ರವೆಂದು ಅನೇಕರು ಭಾವಿಸಿದ್ದಾರೆ. ವಸ್ತುಸ್ಥಿತಿ ಹಾಗಿಲ್ಲ. ಚಿತ್ರವು ಸೆನ್ಸಾರ್ ಮಂಡಳಿಯ ಮುಂದೆ ಬಂದದ್ದು 1975ರ ಏಪ್ರಿಲ್ ತಿಂಗಳಲ್ಲಿ. ತುರ್ತುಪರಿಸ್ಥಿತಿ ಘೋಷಣೆಯಾದದ್ದು ಜೂನ್ 25ರಂದು. ನಾಹಟಾ ಅವರಾದರೋ ಆಗ ವಿರೋಧಪಕ್ಷದವರಲ್ಲ. 1971ರಲ್ಲಿ ರಾಜಸ್ಥಾನದ ಬಾಡಮೇರ್ ಕ್ಷೇತ್ರದಿಂದ ಆಯ್ಕೆಯಾಗಿದ್ದ ಕಾಂಗ್ರೆಸ್ ಲೋಕಸಭಾ ಸದಸ್ಯರು.

ಚಿತ್ರದಲ್ಲಿ ಶಬಾನಾ ಆಜ್ಮಿಯವರ ಪಾತ್ರ ಮಾತು ಬಾರದ ಹೆಣ್ಣುಮಗಳೊಬ್ಬಳದು. ಆಕೆಯ ಹೆಸರೇ ಜನತಾ! ಅಧಿಕಾರಕ್ಕೆ ಹಾತೊರೆಯುವ ಧುರೀಣನ ಪಕ್ಷದ ಚಿಹ್ನೆ ‘ಜನರ ಕಾರು’. ಸಂಜಯ ಗಾಂಧಿಯವರ ಮಾರುತಿ ಸಣ್ಣ ಕಾರಿನ ಯೋಜನೆ ಮನೆಮಾತಾಗಿದ್ದ ಆ ದಿನಗಳಲ್ಲಿ ಇದಕ್ಕೆ ವ್ಯಾಖ್ಯಾನ ಬೇಕಿರಲಿಲ್ಲ. ವಾರ್ತಾ ಮತ್ತು ಪ್ರಸಾರ ಸಚಿವಾಲಯವು 51 ಆಕ್ಷೇಪಣೆಗಳನ್ನು ಎತ್ತಿತು. ಪಾತ್ರಗಳೆಲ್ಲವೂ ಕಾಲ್ಪನಿಕವೆಂದು ನಾಹಟಾ ಜುಲೈ 11ರಂದು ಉತ್ತರವಿತ್ತರು.

ಆಕ್ಷೇಪಣೆಯೇನೋ ಹೊಸತಲ್ಲ. ನಮ್ಮ ‘ಸಂಸ್ಕಾರ’ಕ್ಕೂ ಮದರಾಸಿನ ಸೆನ್ಸಾರಿನವರು ಮೊದಲು ಅನುಮತಿ ನಿರಾಕರಿಸಿದ್ದರು. ಮುಂದೆ ಅದೇ ಚಿತ್ರ ಬಿಡುಗಡೆಗೊಂಡು 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಗಳಿಸಿತು. ಇದು ಸಾಧ್ಯವಾದುದು ಚಿತ್ರವು ಉಳಿದಿದ್ದರಿಂದ. ‘ಕಿಸ್ಸಾ’ಕ್ಕೆ ಆ ಭಾಗ್ಯವಿರಲಿಲ್ಲ.

ನಾಹಟಾ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ನ್ಯಾಯಮೂರ್ತಿಗಳಿಗೆ ಚಿತ್ರವನ್ನು ತೋರಿಸಲು 1975ರ ನವೆಂಬರ್ 17ನೆಯ ದಿನ ಗೊತ್ತಾಯಿತು. ಆದರೆ ಸರ್ಕಾರದ ವಶಕ್ಕೆ ಹೋಗಿದ್ದ ಚಿತ್ರವು ಅವರ ಮುಂದೆ ಬರಲೇ ಇಲ್ಲ. ಅದನ್ನು ಟ್ರಂಕುಗಳಲ್ಲಿ ಗುರಗಾಂವಿನ ಮಾರುತಿ ಕಾರ್ಖಾನೆಗೆ ಸಾಗಿಸಿ ಸುಡಲಾಯಿತೆಂಬುದು ಮುಂದೆ ಸಿ.ಬಿ.ಐ. ಹೊರಿಸಿದ ಆರೋಪ. 1979ರ ಫೆಬ್ರುವರಿ 27ರಂದು ಸಂಜಯ ಗಾಂಧಿ ಹಾಗೂ ಮಾಜಿ ವಾರ್ತಾ ಸಚಿವ ವಿದ್ಯಾಚರಣ ಶುಕ್ಲ ಅವರಿಗೆ ಕಾರಾಗೃಹ ಶಿಕ್ಷೆಯಾಯಿತು. 1980ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆರೋಪ ಸಾಬೀತಾಗಿಲ್ಲವೆಂದು ಈರ್ವರನ್ನೂ ದೋಷಮುಕ್ತರನ್ನಾಗಿಸಿತು.

ನಾಹಟಾ ಧೃತಿಗೆಡದೆ ಚಿತ್ರವನ್ನು ಮತ್ತೊಮ್ಮೆ ತೆಗೆದು 1978ರಲ್ಲಿ ತೆರೆಗೆ ತಂದರು. ಪ್ರೇಕ್ಷಕರು ಕಂಡದ್ದು ಈ ಎರಡನೆಯ ‘ಕಿಸ್ಸಾ’ವನ್ನು. ಮೊದಲನೆಯದು ಮಾತ್ರ ಒಡೆಯನಿಗೆ ಮರಳಲಿಲ್ಲ.

ಬ್ಯಾಂಕಿನ ವೃತ್ತಿಯಲ್ಲಿರುವ ನನ್ನನ್ನು ಕಾಡುವುದು ಈ ಅಂಶವೇ. ಗ್ರಾಹಕನು ಮೊಹರು ಮಾಡಿದ ಪೆಟ್ಟಿಗೆಯನ್ನು ಭದ್ರತೆಗೆಂದು ಒಪ್ಪಿಸಿದರೆ ನಾವು ರಸೀತಿ ಕೊಡುತ್ತೇವೆ. ಒಳಗಿರುವ ವಸ್ತು ನಮಗೆ ಮೆಚ್ಚುಗೆಯೋ ಅಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ; ಕೇಳಿದ ದಿನ ಅದನ್ನು ಇದ್ದಂತೆಯೇ ಹಿಂದಿರುಗಿಸಬೇಕು. ಚಿತ್ರದ ಗುಣದೋಷಗಳನ್ನು ವಿಮರ್ಶಕರು ತೂಗಲಿ; ಪ್ರದರ್ಶನಕ್ಕೆ ಅದು ಅರ್ಹವೇ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ ಪರರ ಸೊತ್ತನ್ನು ವಶಕ್ಕೆ ಪಡೆದವರು ಅದರ ಲೆಕ್ಕವನ್ನು ಒಪ್ಪಿಸಲೇಬೇಕು. ಕೌಂಟರಿನ ಗುಮಾಸ್ತನಿಗೆ ಅನ್ವಯಿಸುವ ಈ ನಿಯಮ ಕುರ್ಚಿಯಲ್ಲಿ ಕುಳಿತವರಿಗೂ ಅನ್ವಯಿಸಬೇಡವೆ? ಅನ್ವಯಿಸದಿದ್ದಲ್ಲಿ, ಮೂಕಳಾದ ಜನತೆ ಕೇವಲ ಕಾಲ್ಪನಿಕ ಪಾತ್ರವೆಂದು ನಾವು ಹೇಳಲಾರೆವು.