ರಾತ್ರಿ ಕುಪ್ಪಳಿಸಿ ಕಾಡು ಕಾಯುವ ವೊಯ್ಲಿ



ಹೊಟ್ಟೆಯ ಚೀಲದಲ್ಲಿ ಮರಿ ಹೊತ್ತು ಕುಪ್ಪಳಿಸುವ ಪ್ರಾಣಿ ಎಂದರೆ ನಮಗೆಲ್ಲ ನೆನಪಾಗುವುದು ಕಾಂಗರೂ. ಅದರ ಬಳಗದಲ್ಲೇ ಮೊಲಕ್ಕಿಂತ ಚಿಕ್ಕದಾದ, ಹಗಲು ಕಣ್ಣಿಗೆ ಬೀಳದ ಒಂದು ಪ್ರಾಣಿಯಿದೆ. ಹೆಸರು ವೊಯ್ಲಿ. ನೈಋತ್ಯ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ನೂಂಗಾರ್ ಜನರ ಭಾಷೆಯಿಂದ ಬಂದ ಹೆಸರಿದು. ತೂಕ ಒಂದರಿಂದ ಒಂದೂವರೆ ಕಿಲೋ.

ಹಗಲೆಲ್ಲ ಪೊದೆಯ ಬುಡದ ಗೂಡಿನಲ್ಲಿ ಇದು ಮಲಗಿರುತ್ತದೆ. ಗೂಡಿಗೆ ಬೇಕಾದ ಹುಲ್ಲು, ತೊಗಟೆಯ ನಾರುಗಳನ್ನು ಬಾಲದಲ್ಲಿ ಸುತ್ತಿ ಹಿಡಿದು ಹೊತ್ತು ತರುತ್ತದೆ. ಹೆರುವುದು ಒಂದು ಸಲಕ್ಕೆ ಒಂದೇ ಮರಿ. ಅದು ಸುಮಾರು ಮೂರು ತಿಂಗಳು ತಾಯಿಯ ಚೀಲದಲ್ಲೇ ಬೆಳೆಯುತ್ತದೆ.

ಕತ್ತಲಾದ ಮೇಲೆ ಇದರ ದುಡಿಮೆ ಶುರು. ಇದರ ಮುಖ್ಯ ಆಹಾರ ನೆಲದೊಳಗೆ ಬೆಳೆಯುವ ಅಣಬೆ. ನಮ್ಮಲ್ಲಿ ಮಳೆ ಬಿದ್ದಾಗ ಮೇಲೇಳುವ ಅಣಬೆಗಳ ಬೀಜಕಣ ಗಾಳಿಯಲ್ಲಿ ಹಾರಿ ಹರಡುತ್ತವೆ. ಮಣ್ಣೊಳಗೇ ಉಳಿಯುವ ಅಣಬೆಗೆ ಆ ಅನುಕೂಲವಿಲ್ಲ. ಯಾರಾದರೂ ಅಗೆದು ತಿಂದು, ಬೇರೆಡೆ ಹಿಕ್ಕೆ ಹಾಕಬೇಕು. ವೊಯ್ಲಿ ಮಾಡುವುದು ಅದನ್ನೇ. ಈ ಅಣಬೆಯ ಎಳೆಗಳು ಮರದ ಬೇರಿಗೆ ಹೆಣೆದುಕೊಂಡು ನೀರು, ಪೋಷಕಾಂಶ ಒದಗಿಸುತ್ತವೆ. ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತವೆ. ನಾವು ನೀಲಗಿರಿ ಎಂದು ಕರೆಯುವ ಮರಗಳ ತವರು ಆಸ್ಟ್ರೇಲಿಯಾ. ಅಲ್ಲಿ ಆ ಮರಗಳಿಗೂ ಅಣಬೆಗಳ ಈ ನೆರವು ಬೇಕು.

ಒಂದು ವೊಯ್ಲಿ ವರ್ಷಕ್ಕೆ ಸುಮಾರು 5 ಟನ್ ಮಣ್ಣು ಅಗೆಯುತ್ತದೆ ಎಂಬ ಅಂದಾಜಿದೆ. ಅಗೆದ ಗುಳಿಗಳಲ್ಲಿ ತರಗೆಲೆ ಸೇರುತ್ತದೆ, ಬೀಜ ನಿಲ್ಲುತ್ತದೆ, ಮಳೆನೀರು ಇಂಗುತ್ತದೆ. ಹೊಲಕ್ಕೆ ನೇಗಿಲು ಮಾಡುವ ಕೆಲಸವನ್ನು ಕಾಡಿಗೆ ಈ ಪುಟ್ಟ ಕಾಲುಗಳು ಮಾಡುತ್ತವೆ.

ಒಂದು ಕಾಲಕ್ಕೆ ದಕ್ಷಿಣ ಆಸ್ಟ್ರೇಲಿಯಾದ ಉದ್ದಗಲಕ್ಕೂ ಇದ್ದ ಪ್ರಾಣಿಯಿದು. ಯುರೋಪಿಯನ್ನರು ತಂದ ನರಿ, ಬೆಕ್ಕುಗಳ ಬಾಯಿಗೆ ಸಿಕ್ಕಿ, ಕಾಡು ಹೊಲವಾಗಿ, 1970ರ ದಶಕದ ಹೊತ್ತಿಗೆ ನೈಋತ್ಯದ ಮೂರು ಚಿಕ್ಕ ಕಾಡುಗಳಲ್ಲಷ್ಟೇ ಉಳಿಯಿತು. ಅಲ್ಲಿ ಉಳಿಯಲು ಒಂದು ಕಾರಣ ವಿಷದ ಗಿಡಗಳು. ಆ ಸೀಮೆಯ ಕೆಲವು ಕಾಡುಗಿಡಗಳಲ್ಲಿ ಫ್ಲೂರೋಅಸಿಟೇಟ್ ಎಂಬ ವಿಷವಿದೆ. ತಲೆತಲಾಂತರದಿಂದ ಅವುಗಳ ನಡುವೆ ಬಾಳಿದ ವೊಯ್ಲಿ ಅದನ್ನು ತಾಳಿಕೊಳ್ಳುತ್ತದೆ. ಹೊರಗಿನಿಂದ ಬಂದ ನರಿ ಸಾಯುತ್ತದೆ. ಅದೇ ವಿಷವನ್ನು ಮಾಂಸದಲ್ಲಿಟ್ಟು ಅಧಿಕಾರಿಗಳು ನರಿ ಹತೋಟಿಗೆ ತಂದರು. ವೊಯ್ಲಿ ಹೆಚ್ಚಿತು. 1996ರಲ್ಲಿ ಅದನ್ನು ಅಪಾಯದ ಪಟ್ಟಿಯಿಂದಲೂ ತೆಗೆದರು.

ನೆಮ್ಮದಿ ಬಹಳ ಕಾಲ ಉಳಿಯಲಿಲ್ಲ. 1999ರಿಂದ 2006ರೊಳಗೆ ಸಂಖ್ಯೆ ಸುಮಾರು ಶೇಕಡಾ 90ರಷ್ಟು ಕುಸಿಯಿತು. ಬೆಕ್ಕು, ನರಿಗಳ ಬೇಟೆಯೇ ಮುಖ್ಯ ಕಾರಣವೆಂದೂ ರೋಗವೂ ಜೊತೆಗೂಡಿರಬಹುದೆಂದೂ ತಜ್ಞರು ಹೇಳುತ್ತಾರೆ.

ಈಗ ಬೇಲಿ ಹಾಕಿದ ಕಾಡುಗಳಲ್ಲಿ, ನರಿ-ಬೆಕ್ಕುಗಳಿಲ್ಲದ ದ್ವೀಪಗಳಲ್ಲಿ ವೊಯ್ಲಿಯನ್ನು ಸಾಕಿ ಉಳಿಸುತ್ತಿದ್ದಾರೆ. ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಯಾರ್ಕ್ ಪರ್ಯಾಯದ್ವೀಪದಲ್ಲಿ ನೂರು ವರ್ಷಕ್ಕೂ ಹಿಂದೆ ಅದು ಅಳಿದುಹೋಗಿತ್ತು. 2021ರಲ್ಲಿ ಅಲ್ಲಿಗೆ ಮತ್ತೆ ತಂದುಬಿಟ್ಟರು. ಪ್ರಾಣಿಯೊಂದು ಮರೆಯಾದರೆ ಅದು ಮಾಡುತ್ತಿದ್ದ ಕೆಲಸವೂ ನಿಲ್ಲುತ್ತದೆ. ಅಲ್ಲಿ ಆ ಕೆಲಸ ಮತ್ತೆ ಶುರುವಾಗಿದೆ, ಎಂದಿನಂತೆ ಕತ್ತಲಾದ ಮೇಲೆ.