ಅರ್ಧ ಬೆಲೆಗೆ ಪಿಟೀಲು, ಕಾಲು ಬೆಲೆಗೆ ಪಿಯಾನೊ: ಪ್ಲಗಿನ್ ರಿಯಾಯಿತಿಯ ಒಳಲೆಕ್ಕ

ಆಷಾಢ ಬಂತೆಂದರೆ ಮೈಸೂರು, ಬೆಂಗಳೂರಿನ ಸೀರೆ ಅಂಗಡಿಗಳ ಮುಂದೆ ರಿಯಾಯಿತಿಯ ಫಲಕಗಳು ತೂಗಾಡುತ್ತವೆ. ಗಣಕಯಂತ್ರದಲ್ಲಿ ಸಂಗೀತ ಸಂಯೋಜಿಸುವ ಹವ್ಯಾಸಿಗಳ ಪಾಲಿಗೆ ಆಷಾಢ ಬರುವುದು ನವೆಂಬರಿನಲ್ಲಿ. ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನವಾದ ‘ಬ್ಲ್ಯಾಕ್ ಫ್ರೈಡೇ’ಯ ಆಸುಪಾಸಿನಲ್ಲಿ ಸಂಗೀತ ತಂತ್ರಾಂಶಗಳ ಬೆಲೆ ಅರ್ಧಕ್ಕೆ, ಕೆಲವೊಮ್ಮೆ ಹತ್ತನೆಯ ಒಂದು ಪಾಲಿಗೂ ಇಳಿಯುತ್ತದೆ. ಕೀಬೋರ್ಡು, ಹೆಡ್‌ಫೋನು ಇಟ್ಟುಕೊಂಡು ರಾತ್ರಿ ಊಟದ ನಂತರ ರಾಗ ಹುಡುಕುವವರ ಕ್ರೆಡಿಟ್ ಕಾರ್ಡು ಬಿಸಿಯೇರುವ ಕಾಲವದು.

ಆದರೆ ಸೀರೆಗೂ ತಂತ್ರಾಂಶಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಸೀರೆ ವ್ಯಾಪಾರಿಗೆ ಹಳೆಯ ದಾಸ್ತಾನು ಖಾಲಿಯಾಗಬೇಕು. ತಂತ್ರಾಂಶಕ್ಕೆ ದಾಸ್ತಾನೆಂಬುದೇ ಇಲ್ಲ. ಒಮ್ಮೆ ತಯಾರಾದ ಮೇಲೆ ಇನ್ನೊಂದು ಪ್ರತಿ ಮಾರಲು ತಯಾರಕನಿಗೆ ತಗಲುವ ಖರ್ಚು ಅತ್ಯಲ್ಪ. ಹೀಗಾಗಿ ‘ಇಂದೇ ಕೊನೆಯ ದಿನ’ ಎಂಬ ರಿಯಾಯಿತಿ ಬೇಸಿಗೆಯಲ್ಲಿ ಇನ್ನೊಂದು ಹೆಸರಿನಲ್ಲಿ ಮರಳಿ ಬರುವುದು ಸಾಮಾನ್ಯ. ಇಸ್ರೇಲಿನ ವೇವ್ಸ್ ಸಂಸ್ಥೆಯ ಪ್ಲಗಿನ್ನುಗಳಲ್ಲಿ ನೂರಾರು ಡಾಲರ್ ಪಟ್ಟಿ ಬೆಲೆಯಿದ್ದವು 29.99 ಡಾಲರಿಗೆ ಪದೇ ಪದೇ ಮಾರಾಟವಾಗಿವೆ. ಇಂಥ ಕಡೆ ಪಟ್ಟಿ ಬೆಲೆ ಕೇವಲ ಅಲಂಕಾರ; ರಿಯಾಯಿತಿ ಬೆಲೆಯೇ ನಿಜವಾದ ಬೆಲೆ ಎಂದು ತಿಳಿಯುವುದು ಲೇಸು.

ಏನಿದು ಪ್ಲಗಿನ್?

ಧ್ವನಿಮುದ್ರಣದ ಮುಖ್ಯ ತಂತ್ರಾಂಶದೊಳಗೆ ಸೇರಿಕೊಂಡು ಕೆಲಸ ಮಾಡುವ ಉಪತಂತ್ರಾಂಶವೇ ಪ್ಲಗಿನ್. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಸಂಸ್ಥೆ ‘ವಿಎಸ್‌ಟಿ’ ಎಂಬ ಮಾನದಂಡವನ್ನು ಹೊರತಂದ ಬಳಿಕ ಸ್ಟುಡಿಯೊದ ದುಬಾರಿ ಯಂತ್ರಗಳ ಕೆಲಸವನ್ನು ಮನೆಯ ಗಣಕಯಂತ್ರವೇ ಮಾಡತೊಡಗಿತು. ಸ್ಯಾಂಪಲ್ ಲೈಬ್ರರಿ ಇದಕ್ಕಿಂತ ತುಸು ಭಿನ್ನ. ನುರಿತ ವಾದಕರಿಂದ ಒಂದೊಂದೇ ಸ್ವರವನ್ನು ಮೆಲ್ಲಗೆ, ಜೋರಾಗಿ, ಹಲವು ಬಗೆಯಲ್ಲಿ ನುಡಿಸಿ ಮುದ್ರಿಸಿಕೊಂಡ ಧ್ವನಿಭಂಡಾರವದು. ಕೀಬೋರ್ಡಿನ ಮನೆ ಒತ್ತಿದರೆ ಆ ಪಿಟೀಲು ಅಥವಾ ಪಿಯಾನೊ ನುಡಿಯುತ್ತದೆ.

ಧ್ವನಿಭಂಡಾರಕ್ಕೆ ಬೇಕಾಗುವ ಜಾಗವೂ ದೊಡ್ಡದು. ಬ್ರಿಟನ್ನಿನ ಸ್ಪಿಟ್‌ಫೈರ್ ಆಡಿಯೊ 2019ರಲ್ಲಿ ಬಿಡುಗಡೆ ಮಾಡಿದ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾದ ಭಂಡಾರದ ವೃತ್ತಿಪರ ಆವೃತ್ತಿ ಸುಮಾರು 600 ಗಿಗಾಬೈಟ್ ಜಾಗ ಬೇಡುತ್ತದೆ. ಮರುವರ್ಷ ಬಂದ ಅದರ ‘ಡಿಸ್ಕವರ್’ ಎಂಬ ಪುಟ್ಟ ಆವೃತ್ತಿಗೆ ಸಾಕಾದದ್ದು ಸುಮಾರು 200 ಮೆಗಾಬೈಟ್. ಅರ್ಧ ಬೆಲೆಗೆ ಕೊಂಡ ಭಂಡಾರವನ್ನು ಇಡಲು ಹೊಸ ಎಸ್‌ಎಸ್‌ಡಿ ಖರೀದಿಸಬೇಕಾಗಿ ಬಂದರೆ ಉಳಿತಾಯ ಅಲ್ಲಿಗೇ ಕರಗಿತು.

ಅನೇಕ ಭಂಡಾರಗಳನ್ನು ನುಡಿಸಲು ನೇಟಿವ್ ಇನ್‌ಸ್ಟ್ರುಮೆಂಟ್ಸ್ ರೂಪಿಸಿದ ‘ಕಾಂಟ್ಯಾಕ್ಟ್’ ತಂತ್ರಾಂಶ ಬೇಕು. ಇದರಲ್ಲಿ ಉಚಿತವಾದ ಪ್ಲೇಯರ್ ಒಂದು, ಹಣ ತೆತ್ತು ಪಡೆಯುವ ಪೂರ್ಣ ಆವೃತ್ತಿ ಇನ್ನೊಂದು. ಪೂರ್ಣ ಆವೃತ್ತಿಗೆಂದೇ ತಯಾರಾದ ಭಂಡಾರವನ್ನು ಉಚಿತ ಪ್ಲೇಯರಿನಲ್ಲಿ ತೆರೆದರೆ 15 ನಿಮಿಷಕ್ಕೆ ಸದ್ದಡಗುತ್ತದೆ. 20 ಡಾಲರಿನ ಭಂಡಾರ ಕೊಂಡವರು ಅದನ್ನು ನುಡಿಸಲು ನೂರಾರು ಡಾಲರಿನ ತಂತ್ರಾಂಶದ ಮುಂದೆ ನಿಲ್ಲುವುದು ಹೀಗೆ. ಜಾಹೀರಾತಿನ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ‘ಪೂರ್ಣ ಕಾಂಟ್ಯಾಕ್ಟ್ ಅಗತ್ಯ’ ಎಂಬ ಸಾಲೇ ಇಡೀ ಪುಟದಲ್ಲಿ ಮೊದಲು ಓದಬೇಕಾದ ಸಾಲು.

ರೂಪಾಯಿ ಲೆಕ್ಕ

ಭಾರತದ ಗ್ರಾಹಕರಿಗೆ ಇನ್ನೂ ಒಂದು ಲೆಕ್ಕವಿದೆ. ವಿದೇಶದಿಂದ ಅಂತರ್ಜಾಲದ ಮೂಲಕ ಕೊಳ್ಳುವ ಇಂಥ ತಂತ್ರಾಂಶಗಳಿಗೆ 2017ರ ಜುಲೈಯಿಂದ ಶೇ. 18ರ ಜಿಎಸ್‌ಟಿ ಅನ್ವಯಿಸುತ್ತದೆ. ಕೆಲವು ಮಾರಾಟಗಾರರಲ್ಲಿ ಇದು ಹಣ ಪಾವತಿಸುವ ಕೊನೆಯ ಪುಟದಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ 100 ಡಾಲರಿಗೆ 9,000 ರೂಪಾಯಿ. ತೆರಿಗೆ ಸೇರಿ 10,620. ಬ್ಯಾಂಕು ವಿದೇಶಿ ವಿನಿಮಯ ಶುಲ್ಕವೆಂದು ಶೇ. 3.5 ಹಾಕಿ, ಆ ಶುಲ್ಕದ ಮೇಲೆ ಮತ್ತೆ ಶೇ. 18ರ ತೆರಿಗೆ ಸೇರಿಸಿದರೆ ಮೊತ್ತ 11,000 ದಾಟುತ್ತದೆ. ಶೇ. 50ರ ರಿಯಾಯಿತಿ ಎಂದು ಹಿಗ್ಗಿದವರಿಗೆ ದಕ್ಕಿದ್ದು ಶೇ. 40ಕ್ಕೂ ಕಡಿಮೆ!

ಇಷ್ಟೆಲ್ಲ ತೆತ್ತ ಮೇಲೂ ಕೈಗೆ ಬರುವುದು ವಸ್ತುವಲ್ಲ, ಪರವಾನಗಿ. ಹಳೆಯ ಹಾರ್ಮೋನಿಯಂ ಬೇಡವಾದರೆ ಮಾರಬಹುದು, ತಂಗಿಯ ಮಗನಿಗೆ ಕೊಡಬಹುದು. ಬಹಳಷ್ಟು ಸ್ಯಾಂಪಲ್ ಲೈಬ್ರರಿಗಳ ಪರವಾನಗಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಪರವಾನಗಿಯ ಆಯುಷ್ಯವೂ ಗ್ರಾಹಕನ ಕೈಯಲ್ಲಿಲ್ಲ. 2019ರಲ್ಲಿ ಆಪಲ್ ‘ಕ್ಯಾಟಲಿನಾ’ ಆವೃತ್ತಿಯಲ್ಲಿ 32 ಬಿಟ್ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿದಾಗ, ನವೀಕರಣಗೊಳ್ಳದ ಹಳೆಯ ಪ್ಲಗಿನ್ನುಗಳು ಅದರಲ್ಲಿ ಮೂಕವಾದವು. 2023ರ ಮಾರ್ಚಿನಲ್ಲಿ ವೇವ್ಸ್, ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿ ಇನ್ನು ಮುಂದೆ ಚಂದಾ ಮಾತ್ರ ಎಂದು ಸಾರಿತು. ಬಳಕೆದಾರರು ಸಿಟ್ಟಿಗೆದ್ದ ಕೆಲವೇ ದಿನಗಳಲ್ಲಿ ಕ್ಷಮೆ ಕೋರಿ ನಿರ್ಧಾರವನ್ನು ಹಿಂದೆಗೆದುಕೊಂಡಿತು. ಇದಕ್ಕೆ ವ್ಯತಿರಿಕ್ತವಾದ ನಡೆಯೂ ಉಂಟು. 2014ರಲ್ಲಿ ಬಂದ ‘ಸೀರಂ’ ಸಿಂಥಸೈಜರನ್ನು ಕೊಂಡಿದ್ದವರಿಗೆ 2025ರಲ್ಲಿ ಬಂದ ಎರಡನೆಯ ಆವೃತ್ತಿ ಉಚಿತವಾಗಿಯೇ ದೊರೆಯಿತು. ರಿಯಾಯಿತಿಯ ಶೇಕಡಾವಾರಿಗಿಂತ ತಯಾರಕನ ಈ ಬಗೆಯ ಚರಿತ್ರೆ ನೋಡಿ ಕೊಳ್ಳುವುದೇ ಜಾಣತನ.

ನಮ್ಮ ಸಂಗೀತದವರಿಗೆ ಮತ್ತೂ ಒಂದು ತೊಡಕಿದೆ. ಪಿಯಾನೊ ಸ್ವರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಆದ್ದರಿಂದ ಪಿಯಾನೊ ಭಂಡಾರ ಅಸಲಿಗೆ ಬಹು ಹತ್ತಿರ. ವೀಣೆಯ ಸೊಗಸು ಇರುವುದು ಸ್ವರಗಳ ನಡುವಿನ ಗಮಕದಲ್ಲಿ. ತೋಡಿಯ ಗಾಂಧಾರವನ್ನು ಒಂದೇ ಮನೆ ಒತ್ತಿ ಹೊರಡಿಸಲಾಗದು. ಸ್ವರ್‌ಪ್ಲಗ್‌ನಂತಹ ಭಾರತೀಯ ವಾದ್ಯಗಳ ಪ್ಲಗಿನ್ನುಗಳು ಬಂದಿವೆಯಾದರೂ ಶ್ರುತಿ ಬಾಗಿಸುವ ಚಕ್ರವನ್ನು ಎಡಗೈಯಲ್ಲಿ ತಿರುಗಿಸುವ ಅಭ್ಯಾಸವನ್ನು ಯಾವ ರಿಯಾಯಿತಿಯೂ ಕೊಡಿಸದು. ಭಾವಗೀತೆಗೆ ತಬಲಾ ಸಾಥ್ ಬೇಕೆನ್ನುವವರಿಗೆ ಸಿದ್ಧ ಲೂಪುಗಳು ಮಟ್ಟಿಗೆ ಸಾಕು. ಅದಕ್ಕೂ ಮೊದಲು ಅವು ಯಾವ ತಾಳ, ಯಾವ ಲಯದಲ್ಲಿವೆ ಎಂದು ಕೇಳಿ ನೋಡುವುದು ಒಳ್ಳೆಯದು.

ಅನೇಕ ಪ್ಲಗಿನ್ನುಗಳಿಗೆ ಉಚಿತ ಪರೀಕ್ಷಾ ಆವೃತ್ತಿ ಇದೆ. ಅದನ್ನು ಅಕ್ಟೋಬರಿನಲ್ಲೇ ಅಳವಡಿಸಿ ಒಂದು ಹಾಡನ್ನಾದರೂ ಮುಗಿಸಿದವರಿಗೆ ನವೆಂಬರಿನಲ್ಲಿ ಏನು ಬೇಕು, ಏನು ಬೇಡ ಎಂಬುದು ಸ್ಪಷ್ಟವಾಗಿರುತ್ತದೆ. 2020ರಲ್ಲಿ ಬಂದ ‘ವೈಟಲ್’ ಸಿಂಥಸೈಜರಿನ ಮೂಲ ಆವೃತ್ತಿಗಂತೂ ಹಣವೇ ಬೇಕಿಲ್ಲ. ಇನ್ನು ಇವೆಲ್ಲ ಸೇರಿಕೊಳ್ಳುವ ಮುಖ್ಯ ತಂತ್ರಾಂಶದ ಮಾತು. ‘ರೀಪರ್’ ತಂತ್ರಾಂಶವನ್ನು 60 ದಿನ ಪೂರ್ಣವಾಗಿ ಬಳಸಿ ನೋಡಬಹುದು. ಆಮೇಲೆ ಹವ್ಯಾಸಿಗಳಿಗೆ ಅದರ ಪರವಾನಗಿ 60 ಡಾಲರ್. ನವೆಂಬರಾದರೂ ಅಷ್ಟೇ, ಮೇ ಆದರೂ ಅಷ್ಟೇ.