ಕೊಲೆಸ್ಟರಾಲ್: ತಪ್ಪು ಅಡುಗೆಯದ್ದು ಮಾತ್ರವಲ್ಲ

ಮನೆಯಲ್ಲಿ ಯಾರಿಗಾದರೂ ಕೊಲೆಸ್ಟರಾಲ್ ಹೆಚ್ಚಿದೆ ಎಂದು ವರದಿ ಬಂದರೆ ಮೊದಲ ದೂರು ಅಡುಗೆ ಮಾಡುವವಳ ಮೇಲೆ. ಎಣ್ಣೆ ಹೆಚ್ಚಾಯಿತು, ತುಪ್ಪ ಹೆಚ್ಚಾಯಿತು ಎಂಬ ಮಾತು. ಆಹಾರದ ಪಾಲು ಇದೆ, ನಿಜ. ಆದರೆ ಹಿತಮಿತವಾಗಿ ಉಂಡು ತೆಳ್ಳಗಿರುವವರಲ್ಲೂ ಅದು ವಿಪರೀತ ಏರಿರುವುದುಂಟು. ಕಾರಣ, ತಂದೆ ಅಥವಾ ತಾಯಿಯಿಂದ ಬಂದ ಒಂದು ವಂಶವಾಹಿಯ ದೋಷ. ಸುಮಾರು 250ರಿಂದ 300 ಮಂದಿಯಲ್ಲಿ ಒಬ್ಬರಿಗೆ ಇದಿರುತ್ತದೆ.

ಒಳಗೆ ನಡೆಯುವುದೇನು?

ಕೊಲೆಸ್ಟರಾಲ್ ದೇಹಕ್ಕೆ ಬೇಕಾದ ವಸ್ತುವೇ. ಅದರ ಬಹುಪಾಲನ್ನು ದೇಹವೇ ತಯಾರಿಸುತ್ತದೆ. ರಕ್ತದಲ್ಲಿ ಅದನ್ನು ಹೊತ್ತು ಸಾಗುವ ಎಲ್‌ಡಿಎಲ್ ಕಣಗಳನ್ನು ಪಿತ್ತಜನಕಾಂಗದ ಜೀವಕೋಶಗಳು ಹಿಡಿದು ಒಳಗೆಳೆದುಕೊಳ್ಳಬೇಕು. ಹಿಡಿಯುವ ಈ 'ಕೈ'ಗಳಿಗೆ ಗ್ರಾಹಕಗಳೆಂದು ಹೆಸರು. ವಂಶವಾಹಿಯಲ್ಲಿ ದೋಷವಿದ್ದರೆ ಕೈಗಳು ಕಡಿಮೆಯಾಗುತ್ತವೆ. ಎಲ್‌ಡಿಎಲ್ ರಕ್ತದಲ್ಲೇ ಉಳಿದು, ಹುಟ್ಟಿದಂದಿನಿಂದಲೇ ರಕ್ತನಾಳಗಳಲ್ಲಿ ಜಿಡ್ಡು ಕಟ್ಟತೊಡಗುತ್ತದೆ. ಇದನ್ನು ಕಂಡುಹಿಡಿದ ಅಮೆರಿಕದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಮದುವೆಯ ಮಾತು

ತಂದೆ ತಾಯಿಯರಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಇಬ್ಬರಿಗೂ ಇದ್ದರೆ, ಎರಡೂ ಕಡೆಯ ದೋಷವನ್ನು ಒಟ್ಟಿಗೆ ಪಡೆಯುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಿಗೆ ಚಿಕಿತ್ಸೆಯಿಲ್ಲದಿದ್ದರೆ ಎಳೆಯ ವಯಸ್ಸಿನಲ್ಲೇ ಹೃದಯಾಘಾತವಾಗಬಹುದು. ರಕ್ತಸಂಬಂಧದಲ್ಲಿ ಮದುವೆಯಾದಾಗ ಈ ಅಪಾಯ ಹೆಚ್ಚು. ಲೆಬನಾನಿನ ಕುಟುಂಬಗಳನ್ನು ಅಭ್ಯಸಿಸಿ ವೈದ್ಯ ಖಚದೂರಿಯನ್ ಈ ಆನುವಂಶಿಕತೆಯನ್ನು 1964ರಲ್ಲಿ ವಿವರಿಸಿದರು. ಸೋದರ ಸಂಬಂಧದ ಮದುವೆ ನಮ್ಮ ನಾಡಿನ ಹಲವು ಸಮುದಾಯಗಳಲ್ಲಿದೆ. ಸಂಬಂಧ ಕುದುರಿಸುವ ಮುನ್ನ, ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರು ಇದ್ದಾರೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಹೆಂಗಸರಿಗಿಲ್ಲವೇ?

ಹೃದಯಾಘಾತ ಗಂಡಸರ ಕಾಯಿಲೆ ಎಂಬ ನಂಬಿಕೆ ಸರಿಯಲ್ಲ. ಈ ದೋಷವಿದ್ದೂ ಚಿಕಿತ್ಸೆ ಪಡೆಯದ ಸ್ತ್ರೀಯರಲ್ಲಿ ಶೇ. 30ರಷ್ಟು ಮಂದಿಗೆ 60 ವರ್ಷದೊಳಗೆ ಹೃದ್ರೋಗ ಬರುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪವಾಗುವುದು, ಬೆರಳ ಗೆಣ್ಣುಗಳಲ್ಲಿ ಗಂಟು, ರೆಪ್ಪೆಯ ಬಳಿ ಹಳದಿ ಕಲೆ ಇದರ ಸೂಚನೆಗಳಾಗಿರಬಹುದು. ಹಲವರಲ್ಲಿ ಯಾವ ಲಕ್ಷಣವೂ ಕಾಣದು.

ಏನು ಮಾಡಬೇಕು?

ದೊಡ್ಡವರಲ್ಲಿ ಎಲ್‌ಡಿಎಲ್ 190 ಮಿ.ಗ್ರಾಂ. ಅಥವಾ ಹೆಚ್ಚಿದ್ದರೆ ವೈದ್ಯರಲ್ಲಿ ವಂಶದ ವಿಷಯ ತಿಳಿಸಿ. ಒಬ್ಬರಿಗೆ ದೋಷ ಖಚಿತವಾದರೆ ತಂದೆ ತಾಯಿ, ಒಡಹುಟ್ಟಿದವರು ಮತ್ತು ಮಕ್ಕಳೆಲ್ಲರ ರಕ್ತ ಪರೀಕ್ಷೆ ಆಗಬೇಕು. ಸ್ಟಾಟಿನ್ ಗುಳಿಗೆಗಳು ಪರಿಣಾಮಕಾರಿ. ಸಂಖ್ಯೆ ಇಳಿಯಿತೆಂದು ತಾವಾಗಿ ನಿಲ್ಲಿಸಬಾರದು. ಮಗು ಬಯಸುವವರು ಮಾತ್ರ ಮೊದಲೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರಿಗೆ ಸಾಮಾನ್ಯವಾಗಿ ಇವನ್ನು ಕೊಡುವುದಿಲ್ಲ.

ಕರಿದ ತಿಂಡಿ ಕಡಿಮೆ ಮಾಡಿ, ನಡೆಯಿರಿ, ಮನೆಯೊಳಗೆ ಬೀಡಿ ಸಿಗರೇಟು ಬೇಡವೆನ್ನಿ. ಆದರೆ ಇಷ್ಟರಿಂದಲೇ ವಂಶವಾಹಿ ಬದಲಾಗದು. ಅಡುಗೆಯವಳನ್ನು ದೂರುತ್ತಾ ಕಳೆಯುವ ವರ್ಷಗಳಲ್ಲಿ ಮಗುವಿನ ರಕ್ತನಾಳ ಕಟ್ಟಿಕೊಳ್ಳುತ್ತಿರಬಹುದು. ಒಂದು ಸಾಧಾರಣ ರಕ್ತ ಪರೀಕ್ಷೆ ಅದನ್ನು ಮೊದಲೇ ತಿಳಿಸಬಲ್ಲದು.